ಪಟ್ಟಿ ಬರೆಯುವ ಕೈ

ಸರ್ಕಾರದ ದುಡ್ಡಿನಲ್ಲಿ ನಡೆಯುವ ಚಿತ್ರೋತ್ಸವದಲ್ಲಿ ಸರ್ಕಾರಕ್ಕೇ ಮುಜುಗರ ತರುವ ಚಿತ್ರವನ್ನು ಏಕೆ ತೋರಿಸಬೇಕು? ಈ ಪ್ರಶ್ನೆಯನ್ನು ಕೇಳುವವರು ಕೆಟ್ಟವರೇನಲ್ಲ. ಸಜ್ಜನರು, ಓದಿದವರು, ಒಳ್ಳೆಯ ಸಿನಿಮಾ ಎಂದರೆ ಮುಖ ಅರಳಿಸುವವರು ಕೂಡ ಕೇಳುತ್ತಾರೆ. ಕೇಳಿದ ಕೂಡಲೇ ಸುತ್ತಲಿನ ನಾಲ್ಕು ತಲೆಗಳು ಹೌದೆಂದು ಅಲ್ಲಾಡುತ್ತವೆ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದವರು ನಾವು. ಅನುದಾನ ಪಡೆದ ಮೇಲೆ ಕೊಟ್ಟವರ ಮನಸ್ಸನ್ನು ಕಾಯಬೇಕು ಎಂಬುದು ನಮಗೆ ನ್ಯಾಯವಾಗಿಯೇ ತೋರುತ್ತದೆ. ಇದರ ಜೊತೆಗೇ ಇನ್ನೊಂದು ನಂಬಿಕೆಯೂ ಇದೆ. ಚಿತ್ರೋತ್ಸವ ನಡೆಸುವವರೆಂದರೆ ಥಿಯೇಟರ್ ಗೊತ್ತುಮಾಡಿ, ಅತಿಥಿಗಳಿಗೆ ವಿಮಾನದ ಟಿಕೆಟ್ ಕಳಿಸಿ, ವೇದಿಕೆಯ ಮೇಲೆ ದೀಪ ಹಚ್ಚಿಸುವವರು. ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ, ಅದರಲ್ಲೇನಿದೆ ಎನ್ನುವವರೇ ಹೆಚ್ಚು.

ಈ ಎರಡು ನಂಬಿಕೆಗಳೂ ತಪ್ಪು ಎಂದು ನಾನು ತಿಳಿದಿದ್ದೇನೆ. ನೀತಿಯ ದೃಷ್ಟಿಯಿಂದ ತಪ್ಪು, ವ್ಯವಹಾರದ ದೃಷ್ಟಿಯಿಂದಲೂ ತಪ್ಪು. ಇದನ್ನು ಹೇಳಲು ಏಷ್ಯಾದ ಅತಿ ದೊಡ್ಡ ಚಿತ್ರೋತ್ಸವಗಳಲ್ಲಿ ಒಂದಾದ ದಕ್ಷಿಣ ಕೊರಿಯಾದ ಬುಸಾನ್ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಕಥೆಗಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ.

2014ರ ಏಪ್ರಿಲ್ 16ರಂದು ಸೆವೊಲ್ ಎಂಬ ಪ್ರಯಾಣಿಕರ ಹಡಗು ಕೊರಿಯಾದ ನೈಋತ್ಯ ಕರಾವಳಿಯಲ್ಲಿ ಮುಳುಗಿತು. ಸತ್ತವರು, ಸಿಗದೇ ಹೋದವರು ಸೇರಿ 304 ಮಂದಿ. ಅವರಲ್ಲಿ 250 ಮಂದಿ ಆನ್ಸಾನ್ ನಗರದ ಒಂದೇ ಪ್ರೌಢಶಾಲೆಯ ಮಕ್ಕಳು, ಶಾಲಾ ಪ್ರವಾಸಕ್ಕೆ ಹೊರಟವರು. ರಕ್ಷಣಾ ಕಾರ್ಯದಲ್ಲಿ ಸರ್ಕಾರ ಎಡವಿದ ರೀತಿಗೆ ಇಡೀ ದೇಶ ಸಿಡಿದೆದ್ದಿತು. ಆ ವರ್ಷದ ಅಕ್ಟೋಬರಿನಲ್ಲಿ ಬುಸಾನ್ ಉತ್ಸವ ಈ ದುರಂತದ ಬಗೆಗಿನ ಒಂದು ಸಾಕ್ಷ್ಯಚಿತ್ರವನ್ನು ತನ್ನ ಪಟ್ಟಿಯಲ್ಲಿ ಇಟ್ಟುಕೊಂಡಿತು. ಪತ್ರಕರ್ತ ಲೀ ಸಾಂಗ್-ಹೊ ಮತ್ತು ನಿರ್ದೇಶಕ ಆನ್ ಹೇ-ರ್ಯೊಂಗ್ ಸೇರಿ ಮಾಡಿದ ಈ ಚಿತ್ರ ‘ಡೈವಿಂಗ್ ಬೆಲ್’ ಎಂಬ ಹೆಸರಿನಿಂದ ಹೆಚ್ಚು ಪರಿಚಿತ. ನಗರದ ಮೇಯರ್ ಸೊ ಬ್ಯೊಂಗ್-ಸು ಪ್ರದರ್ಶನ ರದ್ದುಮಾಡಲು ಹೇಳಿದರು. ಅವರು ಬರಿಯ ಮೇಯರ್ ಆಗಿರಲಿಲ್ಲ, ಹುದ್ದೆಯ ಬಲದಿಂದ ಉತ್ಸವದ ಸಂಘಟನಾ ಸಮಿತಿಯ ಅಧ್ಯಕ್ಷರೂ ಆಗಿದ್ದರು. ಉತ್ಸವದ ಬಜೆಟ್ಟಿನ ದೊಡ್ಡ ಪಾಲು ನಗರದ ಬೊಕ್ಕಸದಿಂದಲೇ ಬರುತ್ತಿತ್ತು. ಉತ್ಸವದ ನಿರ್ದೇಶಕ ಲೀ ಯೊಂಗ್-ಗ್ವಾನ್ ಮತ್ತು ಅವರ ಸಂಗಡಿಗರು ಒಪ್ಪಲಿಲ್ಲ. ಚಿತ್ರ ತೆರೆಗೆ ಬಂತು.

ಮೇಯರ್ ಪರವಾದ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲೇ ಎದುರಿಸಬೇಕು. ಆ ಚಿತ್ರ ಬೇಡ ಎಂದು ಹೇಳಿದವರಲ್ಲಿ ಸತ್ತವರ ಕುಟುಂಬದವರೂ ಇದ್ದರು. ವಿದ್ಯಾರ್ಥಿಗಳಲ್ಲದ ಇತರ ಪ್ರಯಾಣಿಕರ ಮನೆಯವರ ಸಂಘಟನೆ ಪ್ರದರ್ಶನವನ್ನು ವಿರೋಧಿಸಿತ್ತು. ಚಿತ್ರದ ಕೇಂದ್ರದಲ್ಲಿದ್ದ, ಮುಳುಗುಗಾರರನ್ನು ನೀರಿನೊಳಗೆ ಇಳಿಸುವ ಡೈವಿಂಗ್ ಬೆಲ್ ಎಂಬ ಆ ಸಾಧನ ನಿಜಕ್ಕೂ ಕೆಲಸಕ್ಕೆ ಬರುತ್ತಿತ್ತೇ ಎಂಬುದೂ ವಿವಾದದ ವಿಷಯವೇ. ನೊಂದವರ ಮಾತಿಗೆ ಬೆಲೆ ಇಲ್ಲವೇ ಎಂದು ಕೇಳಿದರೆ ಇದೆ, ಖಂಡಿತ ಇದೆ ಎಂದೇ ಹೇಳುತ್ತೇನೆ. ಆದರೆ ಆ ಬೆಲೆಯನ್ನು ಸಲ್ಲಿಸುವ ಜಾಗ ಯಾವುದು? ಚಿತ್ರ ತೋರಿಸಿ, ನಿರ್ದೇಶಕರನ್ನು ಪ್ರೇಕ್ಷಕರ ಮುಂದೆ ನಿಲ್ಲಿಸಿ, ಒಪ್ಪದವರಿಗೆ ಮೈಕು ಕೊಡುವ ಸಭಾಂಗಣವೇ ಆ ಜಾಗ. ಮಕ್ಕಳನ್ನು ಕಳೆದುಕೊಂಡ ತಾಯಿಯೊಬ್ಬಳು ಎದ್ದು ನಿಂತು ನಿಮ್ಮ ಚಿತ್ರ ಸುಳ್ಳು ಎಂದು ಹೇಳುವುದಾದರೆ, ಅದನ್ನು ಕೇಳಿಸಿಕೊಳ್ಳಲು ಚಿತ್ರೋತ್ಸವಕ್ಕಿಂತ ತಕ್ಕ ಸ್ಥಳವಿಲ್ಲ. ಮೇಯರ್ ಕಚೇರಿಯಿಂದ ಬಂದ ಆದೇಶ ಆ ತಾಯಿಯ ಬಾಯನ್ನೂ ನಿರ್ದೇಶಕರ ಬಾಯನ್ನೂ ಒಟ್ಟಿಗೇ ಮುಚ್ಚುತ್ತದೆ. ಮಾತ್ರವಲ್ಲ, ನೊಂದವರ ನೋವನ್ನು ಮುಂದಿಟ್ಟುಕೊಂಡು ಸರ್ಕಾರ ತನ್ನ ಮುಖ ಮರೆಸಿಕೊಳ್ಳಲು ದಾರಿ ಮಾಡಿಕೊಡುತ್ತದೆ.

ಮುಂದೆ ನಡೆದದ್ದು ಎಲ್ಲ ದೇಶಗಳ ಅಧಿಕಾರಸ್ಥರೂ ಬಳಸುವ ಹಳೆಯ ದಾರಿಯೇ. ಚಿತ್ರದ ಬಗ್ಗೆ ಯಾರೂ ಮಾತಾಡಲಿಲ್ಲ, ಲೆಕ್ಕಪತ್ರದ ಬಗ್ಗೆ ಮಾತು ಶುರುವಾಯಿತು. ಉತ್ಸವದ ಮೇಲೆ ಲೆಕ್ಕಪರಿಶೋಧನೆ ನಡೆಯಿತು. 2015ರ ಆರಂಭದಲ್ಲಿ ನಗರಾಡಳಿತವು ಉತ್ಸವದ ನಿರ್ದೇಶಕರು ರಾಜೀನಾಮೆ ಕೊಡಲಿ ಎಂದಿತು. ಕೊರಿಯಾದ ಚಲನಚಿತ್ರ ಮಂಡಳಿ 2014ರಲ್ಲಿ 146 ಕೋಟಿ ವೋನ್ ಕೊಟ್ಟಿದ್ದ ಅನುದಾನವನ್ನು ಮರುವರ್ಷ 80 ಕೋಟಿಗೆ ಇಳಿಸಿತು. 2016ರ ಫೆಬ್ರವರಿಯಲ್ಲಿ ಲೀ ಅವರ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಪ್ರಾಯೋಜಕರನ್ನು ತಂದವರಿಗೆ ಕೊಟ್ಟ ದಲ್ಲಾಳಿ ಹಣದ ವಿಚಾರದಲ್ಲಿ ಅವರ ಮೇಲೆ ಮೊಕದ್ದಮೆ ನಡೆದು ಕೆಳ ನ್ಯಾಯಾಲಯ ಶಿಕ್ಷೆ ವಿಧಿಸಿತು, ಮೇಲ್ಮನವಿಯಲ್ಲಿ ಅದು ದಂಡಕ್ಕೆ ಇಳಿಯಿತು. ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಕೋಟಿಗಟ್ಟಲೆ ಹಣ ಓಡಾಡುವ, ನೂರಾರು ತಾತ್ಕಾಲಿಕ ನೌಕರರು ಕೆಲಸ ಮಾಡುವ ಯಾವ ಸಂಸ್ಥೆಯ ಪುಸ್ತಕವನ್ನು ಹಿಡಿದು ಕುಳಿತರೂ ಒಂದಲ್ಲ ಒಂದು ತಪ್ಪು ಸಿಕ್ಕೇ ಸಿಗುತ್ತದೆ. ಆ ಪುಸ್ತಕವನ್ನು ಯಾವಾಗ ತೆರೆದರು, ಯಾಕೆ ತೆರೆದರು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಅದಕ್ಕೆ ಉತ್ತರ ಕೆಲವೇ ವರ್ಷಗಳಲ್ಲಿ ಹೊರಬಿತ್ತು. ದೇಶದ ಅಧ್ಯಕ್ಷೆ ಪಾರ್ಕ್ ಗುನ್-ಹೆ ಅವರ ಆಡಳಿತ ಸಾವಿರಾರು ಕಲಾವಿದರ, ಬರಹಗಾರರ, ನಿರ್ದೇಶಕರ ಕಪ್ಪುಪಟ್ಟಿ ತಯಾರಿಸಿಟ್ಟುಕೊಂಡು ಅವರಿಗೆ ಸರ್ಕಾರಿ ನೆರವು ಸಿಗದಂತೆ ನೋಡಿಕೊಂಡಿತ್ತು. 2017ರ ಮಾರ್ಚಿನಲ್ಲಿ ಸಂವಿಧಾನ ನ್ಯಾಯಾಲಯ ಆಕೆಯನ್ನು ಪದಚ್ಯುತಗೊಳಿಸಿತು. ಕಪ್ಪುಪಟ್ಟಿಗಾಗಿ ಆಕೆಯ ಮುಖ್ಯ ಕಾರ್ಯದರ್ಶಿ ಜೈಲು ಸೇರಿದರು. ಬುಸಾನ್ ಉತ್ಸವದ ಮೇಲಿನ ಒತ್ತಡದ ಹಿಂದೆ ಅಧ್ಯಕ್ಷರ ನಿವಾಸದ ಕೈಯೂ ಇತ್ತೆಂದು ಆಮೇಲಿನ ತನಿಖೆ ತೋರಿಸಿತು. ಹಣ ಕೊಟ್ಟವರ ಮನಸ್ಸು ಕಾಯಬೇಕು ಎನ್ನುವವರಿಗೆ ಕೇಳುತ್ತೇನೆ: ಯಾವ ಮನಸ್ಸು? ಆ ಮನಸ್ಸಿನೊಳಗೆ ಏನಿತ್ತು ಎಂಬುದನ್ನು ನ್ಯಾಯಾಲಯಗಳೇ ಬಿಚ್ಚಿಟ್ಟಿವೆ.

ಇನ್ನು ಉಂಡ ಮನೆಯ ಮಾತು. ಉತ್ಸವ ಉಣ್ಣುವುದು ತೆರಿಗೆ ಕಟ್ಟಿದವರ ಮನೆಯ ಅನ್ನವನ್ನು. ಮೇಯರ್ ಅದನ್ನು ಬಡಿಸಲು ನಾಲ್ಕು ವರ್ಷಕ್ಕೆ ಆರಿಸಿ ಬಂದವರು. ಸರ್ಕಾರಿ ಗ್ರಂಥಾಲಯದಲ್ಲಿ ಸರ್ಕಾರವನ್ನು ಬೈಯುವ ಪುಸ್ತಕವಿದ್ದರೆ ಅದನ್ನು ಯಾರೂ ದ್ರೋಹ ಎನ್ನುವುದಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಇತಿಹಾಸದ ಪ್ರಾಧ್ಯಾಪಕರು ಆಳುವ ಪಕ್ಷಕ್ಕೆ ಒಗ್ಗದ ಪಾಠ ಮಾಡಿದರೆ ಸಂಬಳ ನಿಲ್ಲಿಸಬೇಕೆಂದು ಹೇಳುವವರು ಇದ್ದಾರೆ, ಆದರೆ ಹಾಗೆ ಹೇಳುವಾಗ ಅವರಿಗೂ ಒಳಗೊಳಗೆ ಅಳುಕಿರುತ್ತದೆ. ಚಿತ್ರೋತ್ಸವದ ವಿಷಯದಲ್ಲಿ ಮಾತ್ರ ಆ ಅಳುಕು ಕೂಡ ಇಲ್ಲ. ಸಿನಿಮಾ ಎಂದರೆ ಮನರಂಜನೆ, ಉತ್ಸವ ಎಂದರೆ ಜಾತ್ರೆ, ಜಾತ್ರೆಗೆ ದುಡ್ಡು ಕೊಟ್ಟವರು ತೇರಿನ ಮುಂದೆ ನಿಲ್ಲುತ್ತಾರೆ ಎಂಬ ಲೆಕ್ಕಾಚಾರ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಈಗ ಎರಡನೆಯ ನಂಬಿಕೆಗೆ ಬರುತ್ತೇನೆ. ನಿಜವಾಗಿ ನನ್ನನ್ನು ಹೆಚ್ಚು ಕಾಡುವುದು ಇದೇ. ಉತ್ಸವ ನಡೆಸುವವರನ್ನು ಬೇಕಾದಾಗ ಬದಲಿಸಬಹುದು ಎಂದು ತಿಳಿದವರು, ಆ ಜನ ಏನು ಮಾಡುತ್ತಾರೆ ಎಂಬುದನ್ನು ಒಮ್ಮೆಯೂ ಗಮನಿಸಿರುವುದಿಲ್ಲ.

ಬುಸಾನ್ ಉತ್ಸವ ಶುರುವಾದದ್ದು 1996ರ ಸೆಪ್ಟೆಂಬರ್ 13ರಂದು. ಆಗ ಅದು ಬಂದರು, ಮೀನು ಮಾರುಕಟ್ಟೆ, ಹಡಗುಕಟ್ಟೆಗಳ ಊರು. ದೇಶದ ಸಿನಿಮಾ ಉದ್ಯಮವೆಲ್ಲ ಸೋಲ್‌ನಲ್ಲಿತ್ತು. ಸಿನಿಮಾ ಪಾಠ ಹೇಳುತ್ತಿದ್ದ, ವಿಮರ್ಶೆ ಬರೆಯುತ್ತಿದ್ದ ಕಿಮ್ ಜಿ-ಸೊಕ್, ಲೀ ಯೊಂಗ್-ಗ್ವಾನ್, ಜೊನ್ ಯಾಂಗ್-ಜುನ್ ಮೊದಲಾದವರು ಸೇರಿ ಈ ಊರಿನಲ್ಲೇ ಏಷ್ಯಾದ ಸಿನಿಮಾಕ್ಕೊಂದು ಮನೆ ಕಟ್ಟಬೇಕೆಂದು ಹೊರಟರು. ಮುಂದಾಳಾಗಿ ಅವರು ಕರೆತಂದದ್ದು ಕಿಮ್ ದೊಂಗ್-ಹೊ ಎಂಬ ನಿವೃತ್ತ ಅಧಿಕಾರಿಯನ್ನು. ಸಂಸ್ಕೃತಿ ಸಚಿವಾಲಯದಲ್ಲಿ ದಶಕಗಳ ಕಾಲ ಇದ್ದು ಉಪಸಚಿವರ ಹುದ್ದೆಗೆ ಏರಿದವರು. ಪ್ರದರ್ಶನಗಳನ್ನು ಪರಿಶೀಲಿಸುವ ನೀತಿ ಸಮಿತಿಯ, ಅಂದರೆ ಸೆನ್ಸಾರ್ ವ್ಯವಸ್ಥೆಯ, ಅಧ್ಯಕ್ಷರೂ ಆಗಿದ್ದವರು. ಇದನ್ನು ಒತ್ತಿ ಹೇಳಲು ಕಾರಣವಿದೆ. ಅಧಿಕಾರಿಗಳೆಲ್ಲ ಕಲೆಯ ಶತ್ರುಗಳು ಎಂಬುದು ನನ್ನ ವಾದವಲ್ಲ. ಸರ್ಕಾರದ ಒಳಹೊರಗನ್ನು ಬಲ್ಲ ಈ ಮನುಷ್ಯ, ಸರ್ಕಾರವನ್ನು ಎಲ್ಲಿ ತಡೆದು ನಿಲ್ಲಿಸಬೇಕೆಂಬುದನ್ನೂ ಬಲ್ಲವರಾಗಿದ್ದರು. ಹಣ ತರುವ ಕೆಲಸ ತಮ್ಮದು, ಚಿತ್ರ ಆರಿಸುವ ಕೆಲಸ ಪ್ರೋಗ್ರಾಮರುಗಳದ್ದು ಎಂಬ ಗೆರೆಯನ್ನು 2010ರವರೆಗೆ ಕಾದರು. ಮೊದಲ ಆವೃತ್ತಿ ಮುಗಿದ ಕೆಲವೇ ದಿನಗಳಲ್ಲಿ, 1996ರ ಅಕ್ಟೋಬರ್ 4ರಂದು, ಸಿನಿಮಾಗಳನ್ನು ಮೊದಲೇ ಸೆನ್ಸಾರ್ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಕೊರಿಯಾದ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿತು. ಉತ್ಸವ ಹುಟ್ಟಿದ ಕಾಲದ ಗಾಳಿ ಅದು.

ಆ ಮೊದಲ ವರ್ಷ 31 ದೇಶಗಳ ಸುಮಾರು 170 ಚಿತ್ರಗಳನ್ನು ನೋಡಲು 1.8 ಲಕ್ಷಕ್ಕೂ ಹೆಚ್ಚು ಟಿಕೆಟ್‌ಗಳು ಹೋದವು. ವಸಾಹತು ಕಾಲದ ಗಾಯದಿಂದಾಗಿ ಜಪಾನಿನ ಚಿತ್ರಗಳಿಗೆ ಕೊರಿಯಾದ ಥಿಯೇಟರುಗಳಲ್ಲಿ ಬಾಗಿಲು ಮುಚ್ಚಿದ್ದ ಕಾಲ ಅದು. ಆ ಬಾಗಿಲು ತೆರೆಯಲು ಆರಂಭವಾದದ್ದು 1998ರಲ್ಲಿ. ಅದಕ್ಕೂ ಮೊದಲೇ ಬುಸಾನಿನ ಜನ ಉತ್ಸವದಲ್ಲಿ ಜಪಾನಿನ ಚಿತ್ರಗಳನ್ನು ನೋಡಿದರು. ಹಣ ಕೊಟ್ಟವರ ರುಚಿಯನ್ನಷ್ಟೇ ಕಾಯ್ದುಕೊಂಡಿದ್ದರೆ ಅದು ಆಗುತ್ತಿತ್ತೇ?

ಕಿಮ್ ಜಿ-ಸೊಕ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೊದಲ ಆವೃತ್ತಿಯಿಂದ 2017ರವರೆಗೆ ಏಷ್ಯಾದ ಚಿತ್ರಗಳನ್ನು ಆರಿಸುವ ಹೊಣೆ ಅವರದು. ಯೂರೋಪಿನ ದೊಡ್ಡ ಉತ್ಸವ ಒಪ್ಪಿದ ಮೇಲೆ ಆ ಚಿತ್ರವನ್ನು ಕರೆಸಿಕೊಳ್ಳುವುದು ಸುಲಭ, ಅದಕ್ಕೆ ಪತ್ರಿಕೆ ಓದಿದರೆ ಸಾಕು. ಇವರು ಮಾಡಿದ್ದು ಬೇರೆ. ಯಾರ ಹೆಸರೂ ಗೊತ್ತಿಲ್ಲದ ಹುಡುಗರ, ಹುಡುಗಿಯರ ಮೊದಲ ಚಿತ್ರ, ಎರಡನೆಯ ಚಿತ್ರಗಳನ್ನು ಹುಡುಕಿಕೊಂಡು ಟೆಹ್ರಾನಿಗೆ, ಮನಿಲಾಕ್ಕೆ, ಮಧ್ಯ ಏಷ್ಯಾದ ಊರುಗಳಿಗೆ ಹೋದರು. ಅವರೊಡನೆ ಕೂತು ಮಾತಾಡಿದರು. ಮುಂದಿನ ಚಿತ್ರಕ್ಕೆ ಹಣ ಎಲ್ಲಿ ಸಿಕ್ಕೀತು ಎಂದು ಯೋಚಿಸಿದರು. ಹೊಸ ನಿರ್ದೇಶಕರಿಗಾಗಿಯೇ ಇದ್ದ ‘ನ್ಯೂ ಕರೆಂಟ್ಸ್’ ವಿಭಾಗದ ಪ್ರಶಸ್ತಿ 1998ರಲ್ಲಿ ಜಿಯಾ ಜಾಂಗ್‌ಕೆ ಎಂಬ ಚೀನೀ ತರುಣನ ಮೊದಲ ಕಥಾಚಿತ್ರ ‘ಶಿಯಾವ್ ವು’ಗೆ ಹೋಯಿತು. ಸಣ್ಣ ಊರಿನ ಜೇಬುಗಳ್ಳನೊಬ್ಬನ ಕಥೆ, ಚೀನಾದ ಸರ್ಕಾರದ ಒಪ್ಪಿಗೆಯಿಲ್ಲದೆ ತೆಗೆದದ್ದು. ಇಂದು ಜಿಯಾ ಜಗತ್ತಿನ ದೊಡ್ಡ ನಿರ್ದೇಶಕರಲ್ಲಿ ಒಬ್ಬರು. ಅಂದು ಅದನ್ನು ಊಹಿಸಿದವರು ಕೆಲವರೇ, ಆರಿಸಿದವರು ಅವರಲ್ಲಿ ಸೇರಿದ್ದರು.

1998ರಲ್ಲೇ ಬುಸಾನ್‌ನಲ್ಲಿ ಇನ್ನೂ ತೆಗೆಯದ ಚಿತ್ರಗಳಿಗೆ ಹಣ ಹುಡುಕಿಕೊಡುವ ಮಾರುಕಟ್ಟೆ ಶುರುವಾಯಿತು. 2005ರಲ್ಲಿ ಏಷ್ಯನ್ ಫಿಲ್ಮ್ ಅಕಾಡೆಮಿ ತೆರೆಯಿತು, ತೈವಾನಿನ ಹೊ ಶಿಯಾವ್-ಶಿಯೆನ್ ಅದರ ಮೊದಲ ಮುಖ್ಯಸ್ಥರು. 2007ರಲ್ಲಿ ಏಷ್ಯನ್ ಸಿನಿಮಾ ನಿಧಿ ಬಂತು, ಸ್ಕ್ರಿಪ್ಟಿಗೆ, ಸಾಕ್ಷ್ಯಚಿತ್ರಕ್ಕೆ, ಚಿತ್ರೀಕರಣ ಮುಗಿದು ಧ್ವನಿ ಬಣ್ಣಗಳಿಗೆ ದುಡ್ಡಿಲ್ಲದೆ ನಿಂತವರಿಗೆ ನೆರವಾಯಿತು. ಇವೆಲ್ಲ ಯಾವುದೋ ಇಲಾಖೆಯ ಸುತ್ತೋಲೆಯಿಂದ ಬಂದ ಯೋಜನೆಗಳಲ್ಲ. ವರ್ಷವರ್ಷ ಅದೇ ಜನ ಅದೇ ನಿರ್ದೇಶಕರನ್ನು ಕಂಡು, ಅವರ ಕಷ್ಟ ಎಲ್ಲಿದೆ ಎಂದು ಅರಿತದ್ದರಿಂದ ಹುಟ್ಟಿದವು. ಒಬ್ಬ ಒಳ್ಳೆಯ ಪ್ರೋಗ್ರಾಮರಿನ ತಲೆಯಲ್ಲಿ ಇಪ್ಪತ್ತು ವರ್ಷದ ಸಿನಿಮಾ ಇರುತ್ತದೆ, ಅದಕ್ಕಿಂತ ಮುಖ್ಯವಾಗಿ ಇಪ್ಪತ್ತು ವರ್ಷದ ನಂಬಿಕೆ ಇರುತ್ತದೆ. ತನ್ನ ದೇಶದಲ್ಲಿ ತೋರಿಸಲಾಗದ ಚಿತ್ರದ ಪ್ರತಿಯನ್ನು ಒಬ್ಬ ನಿರ್ದೇಶಕಿ ಯಾರ ಕೈಗೆ ಕೊಡುತ್ತಾಳೆ? ಕಳೆದ ತಿಂಗಳು ನೇಮಕವಾದ ಅಧಿಕಾರಿಗಂತೂ ಕೊಡುವುದಿಲ್ಲ.

2017ರ ಮೇ 18ರಂದು ಕಿಮ್ ಜಿ-ಸೊಕ್ ಕಾನ್ ಉತ್ಸವಕ್ಕೆ ಹೋಗಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಬುಸಾನ್ ಉತ್ಸವ ಬಿಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದ ಆ ಮೂರು ವರ್ಷಗಳ ಭಾರ ಅವರ ಮೇಲೂ ಇತ್ತು. ಏಷ್ಯಾದ ಎಷ್ಟೋ ನಿರ್ದೇಶಕರಿಗೆ ಆ ಸಾವು ಮನೆಯವರ ಸಾವಾಯಿತು. ಅವರ ಹೆಸರಿನಲ್ಲಿ ಪ್ರಶಸ್ತಿ ಬಂತು, ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರವೂ ಬಂತು. ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ ಎನ್ನುವವರು ಈ ಖಾಲಿತನವನ್ನು ಹೇಗೆ ತುಂಬುತ್ತಾರೆ ಎಂದು ತಿಳಿಯಲು ನನಗೆ ನಿಜಕ್ಕೂ ಆಸೆಯಿದೆ.

ಕನ್ನಡದವರಿಗೂ ಆ ಮನೆಯ ಬಾಗಿಲು ತೆರೆದಿತ್ತು. 2021ರಲ್ಲಿ ಉತ್ತರ ಕನ್ನಡದ ನಟೇಶ್ ಹೆಗಡೆ ತಮ್ಮ ತಂದೆ ಗೋಪಾಲ ಹೆಗಡೆಯವರನ್ನೇ ಮುಖ್ಯ ಪಾತ್ರದಲ್ಲಿಟ್ಟು ಮಾಡಿದ ‘ಪೆದ್ರೊ’ ನ್ಯೂ ಕರೆಂಟ್ಸ್ ವಿಭಾಗದಲ್ಲಿ ಮೊದಲ ಪ್ರದರ್ಶನ ಕಂಡಿತು. ಮರುವರ್ಷ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಅದೇ ವಿಭಾಗದ ಪ್ರಶಸ್ತಿಯನ್ನೇ ಗೆದ್ದಿತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ ಅದು. ಹಾಸಿಗೆ ಹಿಡಿದ ಗಂಡನನ್ನು ಉಳಿಸಿಕೊಳ್ಳಲು ಶಾಲೆಯ ಅಡುಗೆಯ ಹೆಂಗಸೊಬ್ಬಳು ಶಕ್ತಿವರ್ಧಕ ಪುಡಿ ಮಾರುವ ಜಾಲಕ್ಕೆ ದುಡ್ಡು ಸುರಿಯುವ ಕಥೆ. ಆ ಮಾತಿನ ಲಯ, ಆ ಊರಿನ ಬಿಸಿಲು ಕೊರಿಯಾದ ಸಮುದ್ರ ತೀರದ ಊರಿನವರಿಗೆ ಅರ್ಥವಾಯಿತು. ಅಲ್ಲಿಗೆ ಈ ಚಿತ್ರವನ್ನು ಮುಟ್ಟಿಸಿದ್ದು ಯಾವ ಸರ್ಕಾರಿ ನಿಯೋಗವೂ ಅಲ್ಲ, ಬಂದ ರಾಶಿ ಚಿತ್ರಗಳ ನಡುವೆ ಹೆಸರು ಕೇಳಿರದ ಒಬ್ಬ ನಿರ್ದೇಶಕನ ಕೆಲಸವನ್ನು ಕೊನೆಯ ತನಕ ಕೂತು ನೋಡಿದ ಕಣ್ಣುಗಳು.

ಇದೇ ‘ಪೆದ್ರೊ’ 2022ರ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಆಯ್ಕೆಯಾಗಲಿಲ್ಲ. ನಿರ್ಮಾಪಕ ರಿಷಬ್ ಶೆಟ್ಟಿ ಬಹಿರಂಗವಾಗಿಯೇ ಬೇಸರ ತೋಡಿಕೊಂಡರು. ಆಗ ಎದ್ದ ಗದ್ದಲದಲ್ಲಿ ನನಗೆ ಒಪ್ಪಿಗೆಯಾಗದ ಮಾತೊಂದಿತ್ತು: ಹೊರದೇಶ ಮೆಚ್ಚಿದ್ದನ್ನು ನಮ್ಮವರು ಬಿಡುವುದು ಹೇಗೆ ಎಂಬುದು. ಯಾವ ಉತ್ಸವಕ್ಕೂ ಯಾವ ಚಿತ್ರವನ್ನೂ ಬೇಡ ಎನ್ನುವ ಹಕ್ಕಿದೆ. ಬುಸಾನ್ ಒಪ್ಪಿತೆಂದು ಬೆಂಗಳೂರು ಒಪ್ಪಲೇಬೇಕಿಲ್ಲ, ತಪ್ಪು ಮಾಡುವ ಸ್ವಾತಂತ್ರ್ಯವೂ ಆಯ್ಕೆಯ ಸ್ವಾತಂತ್ರ್ಯದೊಳಗೇ ಇದೆ. ನಾನು ಕೇಳುವುದು ಇನ್ನೊಂದನ್ನು. ಆ ತೀರ್ಮಾನದ ಹಿಂದೆ ವರ್ಷಗಟ್ಟಲೆ ಅದೇ ಕೆಲಸ ಮಾಡಿಕೊಂಡು ಬಂದ, ಮುಂದಿನ ವರ್ಷವೂ ಅಲ್ಲೇ ಇರುವ, ಹೌದು ಇದು ನನ್ನ ಆಯ್ಕೆ ಎಂದು ಎದೆ ಕೊಟ್ಟು ನಿಲ್ಲುವ ಒಬ್ಬ ಮನುಷ್ಯನಿರಬೇಕು. ಬೆಂಗಳೂರಿನ ಉತ್ಸವ 2006ರಲ್ಲಿ ಶುರುವಾದಾಗ ಅದರ ಬೇರು ಸುಚಿತ್ರ ಫಿಲಂ ಸೊಸೈಟಿಯಂಥ, ದಶಕಗಳಿಂದ ಪ್ರೊಜೆಕ್ಟರ್ ಹೊತ್ತು ಸಿನಿಮಾ ತೋರಿಸಿದ ಹವ್ಯಾಸಿಗಳ ಪ್ರೀತಿಯಲ್ಲಿತ್ತು. ಈಗ ಅದು ಕರ್ನಾಟಕ ಚಲನಚಿತ್ರ ಅಕಾಡೆಮಿಯ ಕೈಯಲ್ಲಿದೆ, ಅಕಾಡೆಮಿಯ ಅಧ್ಯಕ್ಷರನ್ನು ಸರ್ಕಾರ ನೇಮಿಸುತ್ತದೆ, ಸರ್ಕಾರ ಬದಲಾದರೆ ಅಧ್ಯಕ್ಷರೂ ಬದಲಾಗುತ್ತಾರೆ. ಉತ್ಸವ ಒಮ್ಮೆ ಡಿಸೆಂಬರಿನಲ್ಲಿ, ಒಮ್ಮೆ ಫೆಬ್ರವರಿಯಲ್ಲಿ, ಒಮ್ಮೆ ಮಾರ್ಚಿನಲ್ಲಿ ನಡೆಯುತ್ತದೆ. ದಿನಾಂಕವೇ ನಿಲ್ಲದ ಉತ್ಸವಕ್ಕೆ ತಮ್ಮ ಚಿತ್ರದ ಮೊದಲ ಪ್ರದರ್ಶನವನ್ನು ಕಾಯ್ದಿಡಲು ಯಾವ ನಿರ್ದೇಶಕರಿಗೆ ಧೈರ್ಯ ಬಂದೀತು? ಅಲ್ಲಿ ದುಡಿಯುವ ಕಲಾ ನಿರ್ದೇಶಕರಲ್ಲಿ, ಸ್ವಯಂಸೇವಕರಲ್ಲಿ ಶ್ರದ್ಧೆಗೆ ಕೊರತೆಯಿಲ್ಲ. ಅವರ ಕಾಲ ಕೆಳಗೆ ನೆಲ ಗಟ್ಟಿಯಿಲ್ಲ.

ಆಯ್ಕೆ ಮಾಡಿದವರ ಮಾತಿಗೆ ಬೆಲೆ ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು 2017ರ ಗೋವಾ ಉತ್ಸವದಲ್ಲಿ ದೇಶವೇ ನೋಡಿತು. ಸನಲ್ ಕುಮಾರ್ ಶಶಿಧರನ್ ಅವರ ‘ಎಸ್ ದುರ್ಗಾ’, ರವಿ ಜಾಧವ್ ಅವರ ‘ನ್ಯೂಡ್’ ಎರಡನ್ನೂ ತೀರ್ಪುಗಾರರು ಭಾರತೀಯ ಪನೋರಮಾ ವಿಭಾಗಕ್ಕೆ ಆರಿಸಿದ್ದರು. ವಾರ್ತಾ ಮತ್ತು ಪ್ರಸಾರ ಸಚಿವಾಲಯ ಎರಡನ್ನೂ ಪಟ್ಟಿಯಿಂದ ಕಿತ್ತುಹಾಕಿತು. ತೀರ್ಪುಗಾರರ ಅಧ್ಯಕ್ಷ ಸುಜಯ್ ಘೋಷ್ ರಾಜೀನಾಮೆ ಕೊಟ್ಟರು. ‘ಎಸ್ ದುರ್ಗಾ’ ತೋರಿಸಿ ಎಂದು ಕೇರಳ ಹೈಕೋರ್ಟ್ ಆದೇಶಿಸಿತು, ಆದರೂ ಉತ್ಸವದಲ್ಲಿ ಆ ಚಿತ್ರ ತೆರೆ ಕಾಣಲಿಲ್ಲ. ಆ ವರ್ಷದ ಆರಂಭದಲ್ಲೇ ರಾಟರ್‌ಡ್ಯಾಮ್ ಉತ್ಸವದ ಮುಖ್ಯ ಪ್ರಶಸ್ತಿ ಗೆದ್ದಿದ್ದ ಚಿತ್ರ ಅದು. ಚೀನಾದಲ್ಲಿ ಇದಕ್ಕಿಂತ ಕಠೋರವಾದದ್ದು ನಡೆದಿತ್ತು. 2014ರ ಆಗಸ್ಟ್‌ನಲ್ಲಿ, ಬುಸಾನಿನ ಬಿಕ್ಕಟ್ಟಿಗೆ ಎರಡು ತಿಂಗಳು ಮುಂಚೆ, ಬೀಜಿಂಗಿನ ಅಂಚಿನ ಸೊಂಗ್‌ಜುವಾಂಗ್‌ನಲ್ಲಿ ನಡೆಯಬೇಕಿದ್ದ ಸ್ವತಂತ್ರ ಚಿತ್ರೋತ್ಸವವನ್ನು ಪೊಲೀಸರು ಮುಚ್ಚಿಸಿದರು. ವರ್ಷಗಳಿಂದ ಕೂಡಿಟ್ಟ ಚಿತ್ರಗಳ ಸಂಗ್ರಹವನ್ನು ಹೊತ್ತೊಯ್ದರು. ಉತ್ಸವದ ಬೆನ್ನೆಲುಬಾಗಿದ್ದ ಕಲಾವಿಮರ್ಶಕ ಲೀ ಶಿಯಾನ್‌ತಿಂಗ್, ಕಲಾ ನಿರ್ದೇಶಕ ವಾಂಗ್ ಹೊಂಗ್‌ವೇ ಅವರನ್ನು ಪೊಲೀಸರು ಕರೆದೊಯ್ದು, ಉತ್ಸವ ನಿಲ್ಲಿಸುವುದಾಗಿ ಬರೆಸಿಕೊಂಡು ಬಿಟ್ಟರು. ಈ ವಾಂಗ್ ಹೊಂಗ್‌ವೇ ಬೇರಾರೂ ಅಲ್ಲ, 1998ರಲ್ಲಿ ಬುಸಾನ್ ಪ್ರಶಸ್ತಿ ಕೊಟ್ಟ ‘ಶಿಯಾವ್ ವು’ವಿನ ಆ ಜೇಬುಗಳ್ಳನ ಪಾತ್ರಧಾರಿ. ಅಲ್ಲಿ ಸರ್ಕಾರದ ಒಂದು ಕಾಸೂ ಇರಲಿಲ್ಲ. ಹಣ ಕೊಟ್ಟವರ ಹಕ್ಕಿನ ಮಾತನ್ನು ಅಲ್ಲಿ ಯಾರೂ ಎತ್ತುವಂತಿರಲಿಲ್ಲ. ಅಧಿಕಾರಕ್ಕೆ ಬೇಕಾದದ್ದು ಪಟ್ಟಿಯ ಮೇಲಿನ ಹಿಡಿತ, ಹಣ ಅದಕ್ಕೊಂದು ನೆಪ ಅಷ್ಟೆ.

ನನ್ನ ವಾದಕ್ಕೆ ನಿಜವಾದ ಸವಾಲು ಬರುವುದು ಬೇರೆ ಕಡೆಯಿಂದ. ಈ ಉತ್ಸವದವರೆಲ್ಲ ತಮ್ಮತಮ್ಮಲ್ಲೇ ಒಂದು ಕೂಟ ಕಟ್ಟಿಕೊಂಡು, ದಶಕಗಟ್ಟಲೆ ಕುರ್ಚಿ ಬಿಡದೆ, ಯಾರಿಗೂ ಉತ್ತರ ಕೊಡದೆ ಇರುತ್ತಾರೆ ಎಂಬ ಆಪಾದನೆ ಅದು. ಇದನ್ನು ಸುಳ್ಳೆಂದು ತಳ್ಳಿಹಾಕಲು ಬುಸಾನಿನ ಇತಿಹಾಸವೇ ಬಿಡುವುದಿಲ್ಲ. 2016ರಲ್ಲಿ ಚಿತ್ರೋದ್ಯಮದ ಸಂಘಗಳು ಒಟ್ಟಾಗಿ ಬಹಿಷ್ಕಾರ ಸಾರಿದ ಮೇಲೆ ಕಿಮ್ ದೊಂಗ್-ಹೊ ಮರಳಿ ಬಂದು ಮೇಯರ್ ಅಲ್ಲದ ಮೊದಲ ಅಧ್ಯಕ್ಷರಾದರು, ಬೈಲಾ ತಿದ್ದಲಾಯಿತು. ಅವರೊಂದಿಗೆ ಉತ್ಸವ ನಡೆಸುತ್ತಿದ್ದವರು 1987ರಲ್ಲಿ ವೆನಿಸ್‌ನಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದ ಕಾಂಗ್ ಸೂ-ಯೊನ್. ಮರುವರ್ಷ ಉತ್ಸವದ ನೌಕರರೇ ಆಕೆಯ ಕಾರ್ಯವೈಖರಿಯನ್ನು ಪ್ರಶ್ನಿಸಿದರು, ಇಬ್ಬರೂ ಹೊರನಡೆದರು. 2018ರಲ್ಲಿ ಲೀ ಯೊಂಗ್-ಗ್ವಾನ್ ಅಧ್ಯಕ್ಷರಾಗಿ ಹಿಂತಿರುಗಿದರು. 2023ರಲ್ಲಿ ಅವರ ಆಡಳಿತದಲ್ಲೇ ಹೊಸ ಹುದ್ದೆಯೊಂದಕ್ಕೆ ಮಾಡಿದ ನೇಮಕ ವಿವಾದವಾಯಿತು. ಅದರ ಬೆನ್ನಿಗೇ ಉತ್ಸವದ ನಿರ್ದೇಶಕರ ಮೇಲೆ ಲೈಂಗಿಕ ಕಿರುಕುಳದ ದೂರು ಬಂತು. ನಿರ್ದೇಶಕರೂ ಅಧ್ಯಕ್ಷರೂ ಇಬ್ಬರೂ ಹೊರಹೋದರು, ಆ ವರ್ಷದ ಉತ್ಸವವನ್ನು ಪ್ರೋಗ್ರಾಮರ್ ಒಬ್ಬರು ಹಂಗಾಮಿಯಾಗಿ ಹೊತ್ತು ನಡೆಸಬೇಕಾಯಿತು.

ಮೇಯರ್ ಎದುರು ಬೆನ್ನು ಬಾಗಿಸದವರು ತಮ್ಮ ಕಚೇರಿಯೊಳಗೆ ಅನ್ಯಾಯಕ್ಕೆ ಎಡೆಕೊಡಬಹುದು ಎಂಬುದು ಕಹಿ ಸತ್ಯ. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಹೆಸರು, ಕೆಳಗಿನ ನೌಕರಳ ದೂರನ್ನು ಮುಚ್ಚಲು ಹೊದಿಕೆಯಾಗಬಾರದು. ಆದರೆ ಇದಕ್ಕೆ ಮದ್ದು ಏನು? ಪಟ್ಟಿಯನ್ನು ಮೇಯರ್ ಕೈಗೆ ಕೊಟ್ಟರೆ ಆ ನೌಕರಳಿಗೆ ನ್ಯಾಯ ಸಿಗುತ್ತದೆಯೇ? ದೂರು ಕೇಳಲು ಹೊರಗಿನವರಿರುವ ಸಮಿತಿ ಬೇಕು, ಹುದ್ದೆಗಳಿಗೆ ಅವಧಿಯ ಮಿತಿ ಬೇಕು, ನೇಮಕಕ್ಕೆ ಬಹಿರಂಗ ಅರ್ಜಿ ಬೇಕು, ಲೆಕ್ಕ ಪ್ರತಿವರ್ಷ ಜನರ ಮುಂದೆ ಬರಬೇಕು. ಹಣ ಹೇಗೆ ಖರ್ಚಾಯಿತು ಎಂದು ಕೇಳುವ ಪೂರ್ತಿ ಹಕ್ಕು ಸರ್ಕಾರಕ್ಕಿದೆ, ನಮಗೂ ಇದೆ. ಯಾವ ಚಿತ್ರ ಎಂದು ಹೇಳುವ ಹಕ್ಕು ಅದರೊಂದಿಗೆ ಬರುವುದಿಲ್ಲ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವುದರಿಂದಲೇ ಅಧಿಕಾರಸ್ಥರಿಗೆ ಲೆಕ್ಕ ಕೇಳುವ ನೆಪದಲ್ಲಿ ಚಿತ್ರ ಕೀಳಲು ಸಾಧ್ಯವಾಗುತ್ತದೆ.

ಬೇಲಿಯಿಲ್ಲದ ಕಡೆ ಎಂಥ ದೊಡ್ಡ ಹೆಸರೂ ನಿಲ್ಲುವುದಿಲ್ಲ. ಬುಸಾನ್ ಬಿಟ್ಟ ಮೇಲೆ ಕಿಮ್ ದೊಂಗ್-ಹೊ, ಪೂರ್ವ ಕರಾವಳಿಯ ಗಾಂಗ್‌ನೂಂಗ್ ನಗರದ ಹೊಸ ಚಿತ್ರೋತ್ಸವದ ಅಧ್ಯಕ್ಷರಾಗಿದ್ದರು. ಅದು 2019ರಲ್ಲಿ ಶುರುವಾಯಿತು. 2022ರಲ್ಲಿ ಚುನಾವಣೆ ಗೆದ್ದು ಬಂದ ಹೊಸ ಮೇಯರ್ ಅದಕ್ಕೆ ಹಣ ಕೊಡುವುದಿಲ್ಲ ಎಂದರು, ಉತ್ಸವ ಅಲ್ಲಿಗೇ ಮುಗಿಯಿತು. ಬುಸಾನನ್ನು ಕಟ್ಟಿದ ಕೈಗಳಿಗೇ ಗಾಂಗ್‌ನೂಂಗನ್ನು ಉಳಿಸಿಕೊಳ್ಳಲಾಗಲಿಲ್ಲ. ಬುಸಾನ್ ಉಳಿದದ್ದು ಅದರ ಹಿಂದೆ ಎರಡು ದಶಕಗಳ ಪ್ರೇಕ್ಷಕರು, ಕೊರಿಯಾದ ಇಡೀ ಚಿತ್ರೋದ್ಯಮ, ಏಷ್ಯಾದ ನಿರ್ದೇಶಕರು ನಿಂತಿದ್ದರಿಂದ. ಹಣದ ಮೂಲ ಬದಲಾದರೂ ಅಪಾಯ ಬದಲಾಗುವುದಿಲ್ಲ. 2024ರಲ್ಲಿ ಬುಸಾನ್ ತನ್ನ ಉದ್ಘಾಟನಾ ಚಿತ್ರವಾಗಿ ನೆಟ್‌ಫ್ಲಿಕ್ಸ್ ನಿರ್ಮಾಣದ ಚಿತ್ರವೊಂದನ್ನು ಇಟ್ಟುಕೊಂಡಾಗ ಎದ್ದ ಪ್ರಶ್ನೆಯನ್ನು ನಾನು ಗಂಭೀರವಾಗಿಯೇ ನೋಡುತ್ತೇನೆ. ಮೇಯರ್‌ಗೆ ಕೊಡದ ಪಟ್ಟಿಯನ್ನು ಸ್ಟ್ರೀಮಿಂಗ್ ಕಂಪನಿಗಳಿಗೂ ಕೊಡಬಾರದು.

ನಮ್ಮ ದೇಶದ ಮಟ್ಟಿಗೆ ತಿದ್ದಬೇಕಾದ ಜಾಗ ಎಲ್ಲಿದೆ ಎಂಬುದು ಸ್ಪಷ್ಟವಾಗಿಯೇ ಇದೆ. ಸೆನ್ಸಾರ್ ಪ್ರಮಾಣಪತ್ರವಿಲ್ಲದ ಚಿತ್ರವನ್ನು ಉತ್ಸವದಲ್ಲಿ ತೋರಿಸಲು ಕೇಂದ್ರ ಸಚಿವಾಲಯದ ವಿನಾಯಿತಿ ಬೇಕು. ಅದಕ್ಕಾಗಿ ಪ್ರತಿ ಉತ್ಸವವೂ ತನ್ನ ಪಟ್ಟಿಯನ್ನು ದೆಹಲಿಗೆ ಕಳಿಸಿ ಕಾಯುತ್ತದೆ. 2017ರ ಜೂನ್‌ನಲ್ಲಿ ಕೇರಳದ ಸಾಕ್ಷ್ಯಚಿತ್ರೋತ್ಸವಕ್ಕೆ ರೋಹಿತ್ ವೇಮುಲ, ಕಾಶ್ಮೀರ, ಜೆಎನ್‌ಯು ವಿಷಯದ ಮೂರು ಚಿತ್ರಗಳಿಗೆ ಈ ವಿನಾಯಿತಿ ಸಿಗಲಿಲ್ಲ. ಮುಂಬೈಯ ಸಾಕ್ಷ್ಯಚಿತ್ರೋತ್ಸವ ಭಾರತೀಯ ಚಿತ್ರಗಳಿಗೆ ಮಾತ್ರ ಸೆನ್ಸಾರ್ ಪತ್ರ ಬೇಕೆಂದಾಗ ಸಾಕ್ಷ್ಯಚಿತ್ರಕಾರರು ಒಟ್ಟಾಗಿ ಪ್ರತಿಭಟಿಸಿ, 2004ರಲ್ಲಿ ‘ವಿಕಲ್ಪ್’ ಎಂಬ ಪರ್ಯಾಯ ಉತ್ಸವವನ್ನೇ ನಡೆಸಿ ತೋರಿಸಿದ್ದರು. ಅಂಥ ಒಗ್ಗಟ್ಟು ಮತ್ತೆ ಬೇಕು. ಆಯ್ಕೆ ಸಮಿತಿಯ ಸಹಿ ಬಿದ್ದ ಪಟ್ಟಿಗೆ ವಿನಾಯಿತಿ ತಾನಾಗಿಯೇ ಸಿಗುವಂತೆ ನಿಯಮ ಬದಲಾಗಬೇಕು, ತಕರಾರಿದ್ದವರು ನ್ಯಾಯಾಲಯಕ್ಕೆ ಹೋಗಲಿ. ಬೆಂಗಳೂರಿಗೆ ಬೇಕಾದದ್ದು ಅಕಾಡೆಮಿಯ ಅಧ್ಯಕ್ಷಗಿರಿಗೆ ತಗಲಿಕೊಳ್ಳದ, ಐದು ವರ್ಷಕ್ಕೆ ನೇಮಕವಾದ ಉತ್ಸವ ನಿರ್ದೇಶಕರು, ಸಂಬಳ ಪಡೆದು ವರ್ಷವಿಡೀ ಚಿತ್ರ ಹುಡುಕುವ ಮೂರು ನಾಲ್ಕು ಪ್ರೋಗ್ರಾಮರುಗಳು, ಬದಲಾಗದ ಒಂದು ದಿನಾಂಕ. ಮುಂದಿನ ಬಜೆಟ್ಟಿನಲ್ಲಿ ಉತ್ಸವಕ್ಕೆ ಎಷ್ಟು ಕೋಟಿ ಎಂದು ಘೋಷಿಸುವ ದಿನ, ಈ ಮೂರಕ್ಕೂ ಆದೇಶ ಹೊರಡಿಸುವಂತೆ ಸಿನಿಮಾ ಪ್ರೀತಿಸುವ ಕನ್ನಡಿಗರು ಸರ್ಕಾರವನ್ನು ಕೇಳಬೇಕು.